ಲಿವರ್ ಕಾಯುವ ಗುಳಿಗೆಯೂ ನನ್ನ ತಮ್ಮ ಗಣಪನೂ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕುಡಿತದಿಂದ ಲಿವರನ್ನು ಕಾಪಾಡುತ್ತದೆಂದು ನೀವು ವೇದಿಕೆಯ ಮೇಲೆ ಹಂಚಿದ ಆಂಟಿಆಕ್ಸಿಡೆಂಟ್ ಗುಳಿಗೆಯನ್ನು ನಂಬಿ ನನ್ನ ತಮ್ಮ ಗಣಪ ಸತ್ತ. ಇದನ್ನು ಬರೆಯುವಾಗ ನನಗೆ ದುಃಖಕ್ಕಿಂತ ಹೇಸಿಗೆಯೇ ಹೆಚ್ಚಾಗುತ್ತಿದೆ.

ಗಣಪ ಗಂಗೊಳ್ಳಿಯಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದವ. ಕಾಮಾಲೆಯಿಂದ ಬದುಕಿ ಉಳಿದ ಮೇಲೆ, ಇನ್ನೊಂದು ತೊಟ್ಟೂ ಮುಟ್ಟಬೇಡ ಎಂದ ಡಾಕ್ಟರ ಮಾತಿಗೆ ಕಟ್ಟುಬಿದ್ದು ಕುಡಿತ ಬಿಟ್ಟಿದ್ದ. ಮೈ ತುಂಬಿಕೊಂಡಿತ್ತು. ಅವನ ಹೆಂಡತಿ ಗಿರಿಜಾ ನಗುವುದನ್ನು ನಾವು ಮತ್ತೆ ನೋಡಿದ್ದೆವು. ಮಳೆಗಾಲಕ್ಕೆ ಬೋಟು ನಿಲ್ಲಿಸಿದ ಹೊತ್ತಿಗೆ ಬಂದರಿನಲ್ಲಿ ನಿಮ್ಮ ಆರೋಗ್ಯ ಶಿಬಿರ ನಡೆಯಿತು. ಹೆಂಡ ಕುಡಿಸಿದ ಇಲಿಗಳ ಲಿವರನ್ನು ಈ ಗುಳಿಗೆ ಕಾಪಾಡಿದೆ ಎಂದು ಕಂಪನಿಯವನು ಭಾಷಣ ಬಿಗಿದ. ನೀವು ನಗುನಗುತ್ತಾ ಮೊದಲ ಡಬ್ಬಿಯನ್ನು ಗಣಪನ ಕೈಗಿಟ್ಟಿರಿ. ಫೋಟೋ ಚೆನ್ನಾಗಿ ಬಂದಿತ್ತು, ಸ್ವಾಮಿ.

ಆ ಸಂಜೆಯೇ ಅವನು ಬಾಟಲಿ ತಂದ. ಕಸಿದುಕೊಳ್ಳಲು ಹೋದೆ. "ಸಾಹೇಬ್ರೇ ಕೊಟ್ಟದ್ದ್ ಅಲ್ದಾ ಅಕ್ಕ? ಅವ್ರಿಗ್ ಗೊತ್ತಿಲ್ಯಾ? ಇನ್ನ್ ಎಂತದೂ ಆತಿಲ್ಲೆ" ಎಂದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕನ ಮಾತು ನಿಮ್ಮ ಬಿಳಿ ಕೋಟಿನ ಮುಂದೆ ಯಾವ ಲೆಕ್ಕ? ಮಳೆ ಮುಗಿಯುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಊದಿತು. ರಕ್ತ ಕಾರಿ ಹೋದ.

ನಾನೂ ಗಿರಿಜಾಳೂ ನಿಮ್ಮ ಕಚೇರಿಗೆ ಬಂದೆವು. "ನಿಮ್ಮನ್ನ್ ನಂಬಿ ಕುಡ್ದ್ರ್ ಸಾರ್. ನಾ ಇನ್ಯಾರನ್ನ್ ಕೇಂಬುದ್?" ಎಂದು ಅವಳು ಅತ್ತಳು. ನೀವು ತಲೆ ಎತ್ತದೆ, "ಅದು ಔಷಧಿಯಲ್ಲಮ್ಮ, ಆಹಾರ ಪೂರಕ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದಿರಿ. ಆಹಾ, ಎಂಥ ವ್ಯಾಪ್ತಿ! ಹಂಚುವಾಗ ಔಷಧಿ, ಹೆಣ ಬಿದ್ದ ಮೇಲೆ ಆಹಾರವೇ? ಇಲಿಯಲ್ಲಿ ಕಂಡದ್ದು ಮನುಷ್ಯನಿಗೂ ಆಗುತ್ತದೆಂದು ಯಾರು ಪರೀಕ್ಷಿಸಿದರು? ಅಥವಾ ಆ ಪರೀಕ್ಷೆಗೇ ನಮ್ಮ ಬಂದರನ್ನು ಆರಿಸಿದಿರೋ?

ಗಣಪನ ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿಸಿದ ಅವನ ಬೋಟಿನ ಜೊತೆಗಾರ ತಿಮ್ಮ, ಅಂಗಳದಾಚೆ ನಿಂತು ಅದೇ ಗುಳಿಗೆ ನುಂಗಿ ಬಾಟಲಿ ತೆರೆದ. ಬೈದೆ. "ಗಣಪ ತಡ ಮಾಡಿ ಶುರು ಮಾಡ್ದ ಅಕ್ಕ. ನಾ ಈಗ್ಳಿಂದ್ಲೇ ತಕಂತೆ" ಎಂದ.

ನಮಗೆ ಪರಿಹಾರ ಬೇಡ, ತನಿಖಾ ಸಮಿತಿಯೂ ಬೇಡ. ಆ ಡಬ್ಬಿಗಳನ್ನು ಅಂಗಡಿಗಳಿಂದ ತೆಗೆಸಿ. ಬೋಟುಗಳು ದಡ ಸೇರುವ ಹೊತ್ತಿಗೆ ಬಂದರಿಗೆ ಬಂದು, ಕುಡಿಯುವವನ ಲಿವರ್ ಉಳಿಸುವ ಗುಳಿಗೆ ಇಲ್ಲ, ನಾನು ಹಂಚಿದ್ದು ತಪ್ಪು ಎಂದು ನಿಮ್ಮ ಬಾಯಿಂದಲೇ ಹೇಳಿ. ತಿಮ್ಮನ ಕಣ್ಣು ಆಗಲೇ ಹಳದಿಯಾಗಿದೆ. ಬೇಗ ಬನ್ನಿ.

ಇಂತಿ,
ಒಡಹುಟ್ಟಿದವನಿಗೇ ಪಾಠ ಹೇಳಲಾಗದ ವಿಜ್ಞಾನದ ಟೀಚರು,
ವನಜ
ಗಂಗೊಳ್ಳಿ, ಅಕ್ಟೋಬರ್ 2009