ಅಣ್ಣನ ಬೆನ್ನು ಬಿಟ್ಟು

ಗುರುವಾರ, ತಾರೀಖು ಹದಿನಾಲ್ಕು

ಅಣ್ಣ ಬೆಳಿಗ್ಗೆ ಆಡಿದ ಮಾತು ಇನ್ನೂ ಕೊರೀತಾ ಇದೆ. "ನಗರ ನೋಡಿದ್ದಾಯ್ತಲ್ಲ, ನಾಳೆ ಸುಮ್ಮನೆ ನಮ್ಮ ಜೊತೆ ಮನೆಗೆ ಬಾ. ಒಬ್ಬಳೇ ಎಲ್ಲಿಗೆ ಹೋಗ್ತೀಯಾ?"

ನಗರ ನೋಡಿದವನು ಅವನು. ನಾನು ಈ ಪರದೇಶಕ್ಕೆ ಬಂದ ನಾಲ್ಕು ದಿನವೂ ಅವನ ಬೆನ್ನನ್ನಷ್ಟೇ ನೋಡಿದೆ. ಗಂಡ ಹೋದ ಮೇಲೆ ಹನ್ನೊಂದು ವರ್ಷ ಊರವರ ಬಟ್ಟೆ ಹೊಲಿದು ಬದುಕಿದವಳಿಗೆ ಒಂದು ಗಂಟೆ ವಿಮಾನದಲ್ಲಿ ಒಬ್ಬಳೇ ಕೂರಲು ಬರುವುದಿಲ್ಲವೇ? ಕಡಲ ತೀರದ ಈ ಊರಿಗೆ ಅಗ್ಗದ ಟಿಕೆಟನ್ನು ನಾನೇ ಫೋನಿನಲ್ಲಿ ಹುಡುಕಿ ತೆಗೆದಿದ್ದೆ. "ನನ್ನ ಪಾಸ್‌ಪೋರ್ಟ್ ಕೊಡು" ಅಂತ ಕೈ ಚಾಚಿದೆ. ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಕೊಡುವವರೆಗೂ ಕೈ ಇಳಿಸಲಿಲ್ಲ.

ಅಗ್ಗದ ವಿಮಾನದಲ್ಲಿ ಬಿಡುವುದು ಒಂದೇ ಪುಟ್ಟ ಚೀಲ. ಅದರಲ್ಲಿ ಹಿಡಿಯದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಟ್ಟು ಎಲೆಕೋಸಿನ ಹಾಗೆ ಉಬ್ಬಿಕೊಂಡು ಹತ್ತಿದೆ. ಸಂಜೆ ಈ ಊರಿನ ಸಮುದ್ರದಲ್ಲಿ ಮೊಣಕಾಲುದ್ದ ನೀರಿಗೆ ಇಳಿದೆ. "ಸಾಕು, ಹೊರಡೋಣ" ಅನ್ನುವವರು ಯಾರೂ ಇರಲಿಲ್ಲ. ನನಗೇ ಸಾಕೆನಿಸುವವರೆಗೂ ನಿಂತೆ.

ಈಗ ತಾನೇ ಅಣ್ಣನ ಫೋನು. "ಹಟ ಸಾಧಿಸಿದ್ದಾಯ್ತಲ್ಲ, ಬಂದುಬಿಡು."

"ನಾಳೆ ಇಲ್ಲೇ ಇರ್ತೀನಿ ಅಣ್ಣ. ನಾಡಿದ್ದು ಬೆಟ್ಟದ ಊರಿಗೆ ಇನ್ನೊಂದು ವಿಮಾನ ಹಿಡೀತೀನಿ."

"ಇವಳಿಗೆ ನೀನೇ ಬುದ್ಧಿ ಹೇಳು" ಅಂತ ಫೋನನ್ನು ಅತ್ತಿಗೆಗೆ ಕೊಟ್ಟ. ಅತ್ತಿಗೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಪಿಸುಗುಟ್ಟಿದರು: "ನಾಳೆ ಅಲ್ಲಿಗೆ ಬರೋ ವಿಮಾನದಲ್ಲಿ ಒಂದು ಸೀಟು ಸಿಗುತ್ತೇನೇ?"

ಸಿಕ್ಕಿತು. ಕಿಟಕಿ ಪಕ್ಕದ್ದೇ. ಅಣ್ಣ ಕುಣಿದಾಡಲಿ, ಮನೆಗೆ ಒಬ್ಬನೇ ಹೋಗಲಿ, ಕಣ್ಣು ಎಳೀತಿದೆ, ನಾಳೆ ಅತ್ತಿಗೆ ಬಂದ ಕೂಡಲೇ ಮೊದಲು...