ಎಡಗೈಯಲ್ಲಿ ಬರೆದ ಚೀಟಿ

1956, ಮಾರ್ಚ್ 6, ಮಂಗಳವಾರ

ಬೆಳಗ್ಗೆ ಎಂಟರಿಂದ ಸ್ವರಲಿಪಿಯ ನಕಲು. ಪಿಟೀಲಿನವರಿಗೆ ಆರು ಪ್ರತಿ, ಕೊಳಲಿಗೆ ಎರಡು. ಶಾಯಿ ಆರುವ ಮೊದಲೇ ಬ್ರಾಂಡ್ಟ್ ಬಂದು ಎತ್ತಿಕೊಂಡರು. ಸಂಗೀತ ವಿಭಾಗದ ಮುಖ್ಯಸ್ಥರಿಗೆ ಸದಾ ಅವಸರ.

"ಆಗ್ನೆಸ್, ನಿಮ್ಮ ಅಕ್ಷರ ಕತ್ತಲಲ್ಲಿಟ್ರೂ ಗುರುತು ಹಿಡೀತೀನಿ."

ಈ ಸ್ಟುಡಿಯೋದಲ್ಲಿ ಹತ್ತು ವರ್ಷದಿಂದ ನನಗೆ ಸಿಕ್ಕಿರುವ ಹೊಗಳಿಕೆ ಇದೊಂದೇ.

ಬರೆದದ್ದು ದೀಪಸ್ತಂಭದ ಕಾವಲುಗಾರನ ಮಗಳು ಹಾಡುವ ಹಾಡು. ಇದೇ ಹಾಡನ್ನು 1942ರಲ್ಲಿ ನ್ಯೂಯಾರ್ಕಿನ ನಾಟಕಕ್ಕಾಗಿ ಇದೇ ಕೈ ನಕಲು ಮಾಡಿತ್ತು. ಆಗ ಹಾಡಿದವಳು ನನ್ನ ಗೆಳತಿ ಕೋರಾ ವಿಟ್ಲಾಕ್. ಎರಡು ವರ್ಷ, ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ. ಈಗ ಅದೇ ನಾಟಕದ ಸಿನಿಮಾಕ್ಕೆ ಜಿನೆಟ್ ಹೇಲ್ ಬಂದಿದ್ದಾಳೆ. ಇಪ್ಪತ್ತೆರಡು ವರ್ಷ. ಮುಖ ಚೆನ್ನಾಗಿದೆ. ಕಂಠವಿಲ್ಲ.

ಮಾರ್ಚ್ 15

ಕಂಠ ಸಿಕ್ಕಿತಂತೆ. ಯಾರದ್ದು? ಕೋರಾಳದ್ದೇ! ಮುಖ ಬೇಡ, ಗಂಟಲು ಬೇಕು. ಪರದೆಯ ಮೇಲೆ ಹೆಸರಿಲ್ಲ, ಗ್ರಾಮಫೋನ್ ತಟ್ಟೆಯ ಮೇಲೂ ಇಲ್ಲ. ಯಾರಿಗೂ ಹೇಳುವಂತಿಲ್ಲ. ಸಹಿ ಹಾಕಿಬಿಟ್ಟಿದ್ದಾಳೆ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವಳನ್ನು ಹಿಡಿದೆ.

"ನಾಚಿಕೆ ಆಗಲ್ವೇನೇ ನಿಂಗೆ?"

"ಆಗತ್ತೆ. ಸೂಪ್ ಆರೋಗ್ತಿದೆ, ಕುಡಿ."

"ಪೇಪರಿಗೆ ಬರೀತೀನಿ."

"ನೀನು ಬರೆಯದ ವಿಷಯ ಯಾವ್ದಿದೆ ಆಗ್ನೆಸ್? ಟ್ರ್ಯಾಮ್ ಕಿತ್ತಿದ್ದಕ್ಕೆ ಬರೆದೆ, ಲೈಬ್ರರಿ ಬೇಗ ಮುಚ್ಚಿದ್ದಕ್ಕೆ ಬರೆದೆ." ಆಮೇಲೆ ನಗು ನಿಲ್ಲಿಸಿದಳು. "ಮುಂದಿನ ಚಿತ್ರಕ್ಕೂ ನನ್ನೇ ಕರೀತಾರಂತೆ. ನಂಗೀಗ ನಲವತ್ತು. ಈ ಗಂಟಲು ಇನ್ನೊಂದೈದು ವರ್ಷ ನಿಂತ್ರೆ ಹೆಚ್ಚು. ನಂಗೆ ಹಾಡ್ಬೇಕು, ಅಷ್ಟೆ. ಪೇಪರಿಗೆ ಬರೆಯಲ್ಲ ಅಂತ ಮಾತು ಕೊಡು."

ಕೊಟ್ಟೆ.

ಏಪ್ರಿಲ್ 19

ಸೆಟ್ಟಿಗೆ ಹೋಗಿದ್ದೆ, ತಿದ್ದಿದ ಹಾಳೆ ಕೊಡಲು. ಧ್ವನಿಮುದ್ರಿಕೆ ಮೊದಲೇ ಆಗಿದೆ. ಅದನ್ನು ಹಾಕಿ ಜಿನೆಟ್ ತುಟಿ ಆಡಿಸಬೇಕು. ತುಟಿ ಸರಿಹೋಯಿತು, ಉಸಿರು ಸರಿಹೋಗಲಿಲ್ಲ. ಹಾಡಿನ ಸಾಲು ಮುಗಿಯುವ ಮೊದಲೇ ಎದೆ ಇಳಿಯುತ್ತಿತ್ತು. ಕೊನೆಗೆ ಕೋರಾಳನ್ನು ಕರೆಸಿ ಕ್ಯಾಮೆರಾದ ಕಾಲ ಬುಡದಲ್ಲಿ ಮಂಡಿಯೂರಿಸಿದರು. ಅವಳು ಉಸಿರೆಳೆದಾಗ ಇವಳೂ ಎಳೆಯಬೇಕು. ಹದಿನೇಳು ಸಲ. ರಂಗದ ನಡುವೆ ನಿಂತು ಹಾಡಿದ ಹೆಣ್ಣು ಸಿಮೆಂಟಿನ ಮೇಲೆ ಮಂಡಿಯೂರಿ ಇನ್ನೊಬ್ಬಳಿಗೆ ಉಸಿರಾಡುವುದನ್ನು ತೋರಿಸುತ್ತಿದ್ದಾಳೆ...

ಮುಗಿದ ಮೇಲೆ ಜಿನೆಟ್ ತಾನೇ ಕೈ ಹಿಡಿದು ಎಬ್ಬಿಸಿದಳು. "ಮಂಡಿ ಕೆಂಪಾಗಿದೆಯಲ್ಲ ಮಿಸ್ ವಿಟ್ಲಾಕ್. ನಿಮ್ಮ ಹೆಸರು ಹಾಕಿ ಅಂತ ನಾನು ಕೇಳ್ದೆ. ಸುಮ್ನೆ ಚೆಂದ ಕಾಣಿಸ್ಕೊಂಡು ನಿಂತಿರು ಅಂದ್ರು."

ಹುಡುಗಿಯನ್ನು ಬೈಯಬೇಕೆಂದಿದ್ದೆ. ಬೈಯಲಿಲ್ಲ.

1929ರಲ್ಲಿ ಮೂಕಿಚಿತ್ರದ ಥಿಯೇಟರಿನಲ್ಲಿ ಪಿಯಾನೋ ನುಡಿಸುತ್ತಿದ್ದೆ. ಮಾತಿನ ಚಿತ್ರ ಬಂತು. ಶುಕ್ರವಾರ ನಾವು ಹತ್ತು ಮಂದಿ ನುಡಿಸಿದೆವು, ಸೋಮವಾರ ಸ್ಪೀಕರ್ ನುಡಿಸಿತು. ಆ ಹತ್ತೂ ಹೆಸರು ಇವತ್ತಿಗೂ ಬಾಯಿಪಾಠ. ಬೇರೆ ಯಾರಿಗಾದರೂ ನೆನಪಿದೆಯೇ?

ಸೆಪ್ಟೆಂಬರ್ 14, ಶುಕ್ರವಾರ

ನಿನ್ನೆ ಸಂಜೆ ಪಸಡೀನಾದಲ್ಲಿ ಪೂರ್ವಪ್ರದರ್ಶನ. ಹೆಸರು ಹೇಳದೆ ಚಿತ್ರ ತೋರಿಸುವುದು, ಹೊರಗೆ ಬರುವಾಗ ಎಲ್ಲರ ಕೈಗೂ ಅಭಿಪ್ರಾಯದ ಚೀಟಿ, ಮೋಟು ಪೆನ್ಸಿಲ್.

ಕೊನೆಯ ಹಾಡಿಗೆ ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಪಕ್ಕದ ಹೆಂಗಸು ಮೂಗೊರೆಸಿಕೊಂಡು ಗಂಡನಿಗೆ ಹೇಳಿದಳು: "ಎಂಥಾ ಕಂಠ ಕಣ್ರೀ ಆ ಹುಡುಗಿದು!"

ಆ ಹುಡುಗಿದು.

ಪೇಪರಿಗೆ ಬರೆಯುವುದಿಲ್ಲ ಎಂದಿದ್ದೆ. ಚೀಟಿಯ ಮಾತು ಬಂದಿರಲಿಲ್ಲ. ಕಳ್ಳ ವಕೀಲನ ಯೋಚನೆ, ಗೊತ್ತು. ಗುರುತು ಸಿಗಬಾರದೆಂದು ಗೋಡೆಗೆ ಒತ್ತಿ ಎಡಗೈಯಲ್ಲಿ ಬರೆದೆ: "ಹಾಡಿದವಳು ಕೋರಾ ವಿಟ್ಲಾಕ್. ಹೆಸರೆಲ್ಲಿ?" ಡಬ್ಬಿಗೆ ಹಾಕಿದೆ. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಸೆಪ್ಟೆಂಬರ್ 17, ಸೋಮವಾರ

ಬ್ರಾಂಡ್ಟ್ ಚೀಟಿ ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

"ನೋಡಿ ಇದನ್ನ. ನಿಮ್ಮದಲ್ಲ ಬಿಡಿ, ನಿಮ್ಮ ಅಕ್ಷರ ನನಗೊತ್ತಿಲ್ವಾ? ಅವಳೇ ಬರೆದಿದ್ದು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹಿಂದಿನ ಸಾಲಲ್ಲಿ ಕೂತಿದ್ಳಂತೆ. ಬಾಗಿಲಲ್ಲಿದ್ದ ನಮ್ಮವನೇ ನೋಡಿದಾನೆ."

ಕೋರಾ ಬಂದಿದ್ದಳೇ? ನನಗೂ ಹೇಳದೆ?

"ಮುಂದಿನ ಚಿತ್ರಕ್ಕೆ ಬೇರೆಯವಳನ್ನ ನೋಡ್ತಿದೀವಿ. ಬಾಯಿ ಮುಚ್ಚಿಕೊಂಡಿರದವಳ ಗಂಟಲು ಇಟ್ಕೊಂಡು ಏನ್ ಮಾಡೋದು?"

ಆಗ ಹೇಳಬೇಕಿತ್ತು. ನಿಬ್ಬು ಒರೆಸುತ್ತ ಕೂತೆ. ಮೂವತ್ತು ವರ್ಷ ಊರಿಗೆಲ್ಲ ನ್ಯಾಯ ಹೇಳಿದವಳು.

ಸೆಪ್ಟೆಂಬರ್ 18, ಸಂಜೆ 5

ಕೋರಾಳ ಫೋನ್. ದನಿ ತೀರಾ ಸಣ್ಣದಾಗಿತ್ತು.

"ಒಂದೇ ಒಂದ್ ಸಲ ಜನರ ಮಧ್ಯೆ ಕೂತು ನನ್ನ ಹಾಡು ಕೇಳ್ಬೇಕು ಅನ್ನಿಸ್ತು ಆಗ್ನೆಸ್. ಚೀಟಿನೂ ತಗೊಳ್ಲಿಲ್ಲ, ಹಾಗೇ ಬಂದೆ. ಯಾರು ಬರೆದ್ರೋ ದೇವ್ರೇ ಬಲ್ಲ. ಮೊದ್ಲು ನಿನ್ ಮೇಲೇ ಅನುಮಾನ ಬಂತು ನೋಡು..." ನಕ್ಕಳು. "ಆಮೇಲೆ ನೆನಪಾಯ್ತು, ಮಾತು ಕೊಟ್ಟಿದೀಯಲ್ಲ."

ಆಗಲೂ ಹೇಳಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಸೆಪ್ಟೆಂಬರ್ 19, ಬೆಳಗ್ಗೆ 7

ಆರಕ್ಕೇ ಕೋರಾಳ ಮನೆಗೆ ಹೋದೆ. ಬಾಗಿಲಲ್ಲೇ ಎಲ್ಲ ಹೇಳಿದೆ.

"ಅವರಿಗೆ ಹೇಳು," ಎಂದಳು. "ನಂಗಲ್ಲ." ಬಾಗಿಲು ಹಾಕಿಕೊಂಡಳು.

ಹತ್ತಕ್ಕೆ ಬ್ರಾಂಡ್ಟ್ ಸಿಗುತ್ತಾರೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಸ್ನೇಹಿತೆಯನ್ನು ಉಳಿಸಲು ಬಂದಿದ್ದೀರಿ ಎನ್ನುತ್ತಾರೆ. ಅವರ ಕಣ್ಣೆದುರು ಬರೆಯಬೇಕು. ಆ ಚೀಟಿಯ ಪಕ್ಕ ಇಟ್ಟು ನೋಡಲಿ. ಕೆಲಸ ಹೋಗುತ್ತದೆ, ಹೋಗಲಿ. ಅವಳನ್ನು ಮತ್ತೆ ಕರೆಯುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.

ಅಂದು ಅಕ್ಷರ ಬಂದಂತೆಯೇ ಇಂದೂ ಬರಬೇಕಲ್ಲ. ಪೆನ್ಸಿಲ್ ಎಡಗೈಗೆ ತೆಗೆದುಕೊಂಡಿದ್ದೇನೆ. ಮೊದಲು ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಹಾಡಿದವಳು ಕೋರಾ ವಿ—