ಎಲೆಗೆ ಅಡ್ಡ ಹಿಡಿದ ಕೈ

ತಿಪಟೂರು, ಚಪ್ಪರದ ಬೀದಿ
ಕ್ರಿ.ಶ. ೨೨೦೯, ವೈಶಾಖದ ನಲವತ್ತೊಂದನೇ ದಿನ

ಪೂಜ್ಯ ರಂಜಿತಾ ಅಜ್ಜಿಯವರಿಗೆ, ನಿಮ್ಮ ವಂಶದ ಹೊನ್ನಾಂಬೆ ಮಾಡುವ ನಮಸ್ಕಾರಗಳು.

ವೈಶಾಖಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮ ಪಂಚಾಂಗದವರು ಬೇರೆ ತಿಂಗಳುಗಳಿಂದ ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನಗಿರುವ ಪೇಚು ಬೇರೆ. ಲೆಕ್ಕದಲ್ಲಿ ನೀವು ನನಗಿಂತ ಐದು ತಲೆ ಹಿರಿಯರು. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನೀವು ಇಪ್ಪತ್ತೇಳರ ಚೊಚ್ಚಲ ಬಸುರಿ, ನಾನು ಮಂಡಿ ಹಿಡಿದುಕೊಂಡು ಏಳುವ ಮುದುಕಿ. ನಮಸ್ಕಾರ ಮಾಡಲೋ, ತಲೆ ಮುಟ್ಟಿ ಹರಸಲೋ ತಿಳಿಯದೆ ಎರಡನ್ನೂ ಮಾಡಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದನ್ನು ಕಳಿಸುತ್ತಿರುವುದು ಹಿಂಬರಹ ಎಂಬ ಅಂಚೆಯಲ್ಲಿ. ಅದರಲ್ಲಿ ಹಿಂದಿನ ಕಾಲಕ್ಕೆ ಮಾತು ಮಾತ್ರ ಹೋಗುತ್ತದೆ, ವಸ್ತು ಹೋಗುವುದಿಲ್ಲ.

ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಆಸ್ಪತ್ರೆಯಲ್ಲಿ ನಿಮಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು, ಸಕ್ಕರೆ ಏರಿದೆ ಎಂದರು. ನೀವು ಅದನ್ನು ಗಂಡನಿಗೂ ಹೇಳಿಲ್ಲ, ತಾಯಿಗೂ ಹೇಳಿಲ್ಲ. ಬರುವ ಗುರುವಾರ ನಿಮ್ಮ ತವರಿನಲ್ಲಿ ಬಯಕೆ ಊಟ. ಅಲ್ಲಿ ಏನಾಗುತ್ತದೆ, ಆಮೇಲೆ ಏನೇನಾಗುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೆ ಮೊದಲು ನಮ್ಮ ಬೀದಿಯಲ್ಲಿ ನಿನ್ನೆ ನಡೆದ ಬಯಕೆ ಊಟದ ಸಂಗತಿ ಕೇಳಬೇಕು. ಅದರ ಬೇರು ನಿಮ್ಮ ಊಟದಲ್ಲಿದೆ.

ನಮ್ಮಲ್ಲಿ ಒಳಕಾಳು ಎಂದು ಒಂದಿದೆ. ರಾಗಿಕಾಳಿನಷ್ಟು ಚಿಕ್ಕದು, ಮಗುವಿಗೆ ಕಿವಿ ಚುಚ್ಚಿಸುವ ದಿನವೇ ತೋಳಿನ ಚರ್ಮದಡಿ ಕೂರಿಸುತ್ತಾರೆ. ರಕ್ತದಲ್ಲಿ ಸಕ್ಕರೆ ಏರಿದರೆ ತೋಳು ಬೆಚ್ಚಗಾಗುತ್ತದೆ, ತೀರ ಇಳಿದರೆ ಜುಮ್ಮೆನ್ನುತ್ತದೆ. ನಿಮ್ಮ ಕಾಲದವರು ಬೆರಳು ಚುಚ್ಚಿಕೊಂಡು, ತೋಳಿಗೆ ಬಿಲ್ಲೆ ಅಂಟಿಸಿಕೊಂಡು ಕಲಿತದ್ದರ ಮಗು ಅದು. ಇನ್ಸುಲಿನ್‌ಗಾಗಿ ಇಲ್ಲಿ ಯಾರೂ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಕಾಲಿನ ಗಾಯ ಮಾಯದೆ ಪಾದ ಕಳೆದುಕೊಂಡವರನ್ನು ನಾನು ನೋಡಿಯೇ ಇಲ್ಲ. ನಮ್ಮ ಬೀದಿಗೆ ಚಪ್ಪರ ಹಾಕಿರುವುದು ಸಹ ಉಂಡ ನಡಿಗೆಗೆಂದೇ. ಊಟವಾದ ಮೇಲೆ ಮುದುಕರು ಮಕ್ಕಳೆಲ್ಲ ಆ ನೆರಳಿನಲ್ಲಿ ಹರಟುತ್ತಾ ಒಂದು ಸುತ್ತು ಹಾಕಿ ಬರುತ್ತೇವೆ. ಮದುವೆ ಮಾತುಕತೆ, ಜಗಳ, ರಾಜಿ ಎಲ್ಲ ಆ ನಡಿಗೆಯಲ್ಲೇ ಆಗುವುದು. ಇಷ್ಟಕ್ಕೆಲ್ಲ ನಿಮ್ಮ ಕಾಲದ ವೈದ್ಯರಿಗೆ, ಸಂಶೋಧಕರಿಗೆ ನಾನು ಕೈಮುಗಿಯುತ್ತೇನೆ.

ಮುಗಿದ ಕೈಯನ್ನು ಈಗ ಬಿಡಿಸುತ್ತೇನೆ. ಒಳಕಾಳಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತೋಳಿನ ಸುದ್ದಿ ನನಗಿಂತ ಮೊದಲು ತೂಕದ ಮನೆಗೆ ಹೋಗುತ್ತದಲ್ಲ, ಅದರ ಮೇಲೆ ಸಿಟ್ಟು. ಊರಿನವರ ಊಟ, ನಿದ್ದೆ, ಓಡಾಟವನ್ನೆಲ್ಲ ನೋಡಿಕೊಳ್ಳುವ ಕಚೇರಿಗೆ ತೂಕದ ಮನೆ ಎನ್ನುತ್ತೇವೆ. ಮಗು ಹೊಟ್ಟೆಯಲ್ಲಿರುವಾಗಲೇ, ಅದಕ್ಕೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಎಷ್ಟೆಂದು ಇವರು ಒಂದು ಅಂಕೆ ಕೊಡುತ್ತಾರೆ. ಹುಟ್ಟಂಕೆ ಎಂದು ಅದರ ಹೆಸರು. ಸಂಭವ ಎಂದರೆ ಸಂಭವ, ಅಷ್ಟೇ. ಮೋಡ ಕಂಡರೆ ಕೊಡೆ ಇಟ್ಟುಕೊಳ್ಳಬಹುದು, ಮನೆಯೊಳಗೆ ಕೂಡಿಹಾಕುವುದು ಬೇಕಿಲ್ಲ. ನಮ್ಮವರಿಗೆ ಇಷ್ಟು ತಿಳಿಯದೆ ಹೋಯಿತು. ಜಾತಕ ನೋಡುವುದನ್ನು ಬಿಟ್ಟೆವೆಂದು ಬೀಗಿದವರು ಹುಟ್ಟಂಕೆ ಕೂಡಿಬರಲಿಲ್ಲವೆಂದು ಹೆಣ್ಣು ಬಿಟ್ಟುಹೋಗುತ್ತಿದ್ದಾರೆ. ಅಂಕೆ ದೊಡ್ಡದಿದ್ದವಳು ಬಸುರಾದರೆ ಹೆರಿಗೆಯವರೆಗೂ ಅವಳನ್ನು ಕಾಪುಮನೆಗೆ ಒಯ್ಯುತ್ತಾರೆ. ಅಲ್ಲಿ ಅಳೆದ ಊಟ, ಅಳೆದ ನಿದ್ದೆ. ಮನೆಯವರು ಗಾಜಿನಾಚೆ ನಿಂತು ಕೈ ಆಡಿಸಬೇಕು.

ನನ್ನ ಮಗಳು ಶುಭಾಂಗಿಯನ್ನು ಹಾಗೆ ಒಯ್ದರು. ಅವಳು ಬಾಯಿಬಡುಕಿ, ನಗುವುದಕ್ಕೆ ನೆವ ಬೇಡದವಳು. ಕೂಸಿನೊಂದಿಗೆ ಹಿಂದಿರುಗಿ ಬಂದಾಗ ಅವಳ ಸಕ್ಕರೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು, ಅವಳು ನೆಟ್ಟಗಿರಲಿಲ್ಲ. ತಟ್ಟೆ ಮುಂದಿಟ್ಟರೆ ತಪ್ಪು ಮಾಡಿದವಳಂತೆ ನನ್ನ ಮುಖ ನೋಡುತ್ತಿದ್ದಳು. ಮೊನ್ನೆಯವರೆಗೂ ಅವಳು ಯಾರೆದುರೂ ಕೂತು ಊಟ ಮಾಡಿದವಳಲ್ಲ. ಆ ಕೂಸೇ ಇಂಚರ, ನನ್ನ ಮೊಮ್ಮಗಳು. ಈಗ ಇಂಚರ ಬಸುರಿ. ಅವಳ ಅಂಕೆಯೂ ದೊಡ್ಡದು. ಕಾಪುಮನೆಯಿಂದ ಕರೆ ಬಂದ ದಿನ ನಾನು ಬೀದಿಯ ನಡುವೆ ನಿಂತು, ಈ ಹುಡುಗಿಯನ್ನು ಕಳಿಸುವುದಿಲ್ಲ, ಅವಳ ಬಯಕೆ ಊಟವನ್ನು ಇದೇ ಬೀದಿಯಲ್ಲಿ ಹಾಕುತ್ತೇನೆ, ಬರುವ ಧೈರ್ಯವಿದ್ದವರು ಬನ್ನಿ ಎಂದು ಕೂಗಿ ಹೇಳಿದೆ.

ನಮ್ಮಲ್ಲಿ ಬಯಕೆ ಊಟಕ್ಕೆ ಅಪ್ಪಣೆ ಇಲ್ಲ. ಉಪಚಾರದ ಕಾಯ್ದೆ ಎಂಬುದೊಂದು ಬಂದು, ಬಡಿಸುವಾಗ ಇನ್ನೊಂದು ಚೂರು ಎಂದು ಒತ್ತಾಯ ಮಾಡುವುದೇ ಅಪರಾಧವಾಗಿದೆ. ನಗಬೇಡಿ, ಕಾಯ್ದೆ ಮಾಡಿದವರಿಗೂ ಕಾರಣವಿತ್ತು. ನಮ್ಮ ಜನ ಬಡಿಸುವ ಪರಿ ನಿಮಗೇ ಗೊತ್ತಲ್ಲ! ಸಾಕು ಎಂದರೆ ಬೇಕು ಎಂದು ಅರ್ಥ ಮಾಡಿಕೊಳ್ಳುವವರು ನಾವು. ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುವವರು. ಆದ್ದರಿಂದ ನಿನ್ನೆ ಬಡಿಸಲು ನಿಂತವರಿಗೆಲ್ಲ ನಾನು ಒಂದೇ ಕಟ್ಟಳೆ ಹಾಕಿದ್ದೆ. ಇಂಚರ ಕೈ ಅಡ್ಡ ಹಿಡಿದರೆ ಅಲ್ಲಿಗೆ ಮುಗಿಯಿತು, ಮರುಮಾತಿಲ್ಲ.

ಮೊದಲು ಕೋಸಂಬರಿ, ಹುರುಳಿಕಾಯಿ ಪಲ್ಯ, ಮೊಳಕೆಕಾಳಿನ ಹುಳಿ. ಅದೆಲ್ಲ ಹೊಟ್ಟೆ ಸೇರಿದ ಮೇಲೆ ಸಣ್ಣ ರಾಗಿಮುದ್ದೆ, ಒಂದು ಹಿಡಿ ಅನ್ನ. ಕೊನೆಗೆ ಅವಳು ಬಯಸಿದ ಕಾಯಿಹೋಳಿಗೆ, ಅಂಗೈಯಷ್ಟು. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ಉಂಡರೆ ಸಕ್ಕರೆ ಒಮ್ಮೆಲೇ ನೆಗೆಯುವುದಿಲ್ಲ ಎಂದು ಕಂಡುಕೊಂಡವರು ನಿಮ್ಮ ಕಾಲದವರೇ, ಅಜ್ಜಿ. ಅದು ಈಗ ನಮಗೆ ಊಟದ ಪದ್ಧತಿಯಾಗಿಬಿಟ್ಟಿದೆ.

ಹೋಳಿಗೆ ಎಲೆಗೆ ಬೀಳುವಷ್ಟರಲ್ಲಿ ತೂಕದ ಮನೆಯ ತೇಜೋವತಿ ಬಂದಳು. ಅಂಥಿಂಥವಳಲ್ಲ, ಶಿಸ್ತಿನ ಹೆಂಗಸು, ಕೆಟ್ಟವಳೂ ಅಲ್ಲ. ಪಂಕ್ತಿಯ ತುದಿಯಲ್ಲೇ ನಿಂತು, ಎಲೆ ಎತ್ತಿ ತೂಗಿಸಬೇಕು, ಹುಡುಗಿ ನನ್ನ ಜೊತೆ ಹೊರಡಬೇಕು ಎಂದಳು. ಇಂಚರ ತಲೆ ಎತ್ತಲಿಲ್ಲ. ಎರಡೂ ಕೈ ಚಾಚಿ ತನ್ನ ಎಲೆಗೆ ಅಡ್ಡ ಹಿಡಿದಳು. ಪಕ್ಕದಲ್ಲಿ ಕೂತಿದ್ದವಳು ತನ್ನ ಎಲೆಗೆ ಹಿಡಿದಳು. ಹಾಗೇ ಪಂಕ್ತಿಯ ಕೊನೆಯವರೆಗೂ ಎಲ್ಲ ಹೆಂಗಸರೂ ಒಬ್ಬರಾದ ಮೇಲೆ ಒಬ್ಬರು ಕೈ ಅಡ್ಡ ಹಿಡಿದರು. ಕೊನೆಯಲ್ಲಿ ಶುಭಾಂಗಿ ಕೂತಿದ್ದಳು. ಹೌದು, ಯಾರೆದುರೂ ಉಣ್ಣದ ನನ್ನ ಮಗಳು ನಿನ್ನೆ ಎಲ್ಲರ ನಡುವೆ ಎಲೆ ಹಾಕಿಸಿಕೊಂಡಿದ್ದಳು. ಅವಳೂ ಎಲೆ ಬಿಡಲಿಲ್ಲ. ನನಗೆ ಅಳು ಒತ್ತರಿಸಿ ಬಂತು, ಆ ಸಿಟ್ಟಿಗೆ ಇನ್ನಷ್ಟು ಜೋರಾಗಿ ಹೇಳಿದೆ, “ಉಣ್ತಾ ಕೂತೋರನ್ನ ಎಬ್ಬಿಸ್ತೀಯೇನಮ್ಮಾ? ಎಬ್ಬಿಸು ನೋಡೋಣ!”

ಕಾಲ ಎಷ್ಟು ಉರುಳಿದರೂ ಉಣ್ಣುತ್ತಿರುವವರನ್ನು ಎಲೆಯ ಮುಂದಿನಿಂದ ಎಬ್ಬಿಸುವುದು ನಮ್ಮ ಜನದ ಕೈಯಲ್ಲಿ ಆಗದ ಕೆಲಸ. ತೇಜೋವತಿಯ ಕೈಯಲ್ಲೂ ಆಗಲಿಲ್ಲ. ಜಗಲಿಯ ಮೇಲೆ ಕೂತು ಕಾದಳು. ನಾವು ನಿಧಾನವಾಗಿ ಉಂಡೆವು. ಆಮೇಲೆ ಇಂಚರಳನ್ನು ನಡುವೆ ಹಾಕಿಕೊಂಡು ಇಡೀ ಬೀದಿ ಉಂಡ ನಡಿಗೆ ಮುಗಿಸಿತು. ತಿರುಗಿ ಬಂದಾಗ ತೇಜೋವತಿ ತನ್ನ ಯಂತ್ರವನ್ನು ಇಂಚರಳ ತೋಳಿಗೆ ಹಿಡಿದು ನೋಡಿದಳು. ಸಕ್ಕರೆ ಎಲ್ಲಿರಬೇಕೋ ಅಲ್ಲೇ ಇತ್ತು. “ಚೆನ್ನಾಗೇ ಇದೆಯಲ್ಲಾ,” ಎಂದು ಮೆತ್ತಗೆ ಅಂದಳು. ಆದರೆ ಅವರ ನಿಯಮ ನೋಡುವುದು ಹುಟ್ಟಂಕೆಯನ್ನು, ಹುಡುಗಿಯನ್ನಲ್ಲ. ಸೋಮವಾರ ಜನ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹೋದಳು.

ಬರಲಿ. ಸೋಮವಾರ ಎದುರುಮನೆಯಲ್ಲಿ ಇಂಚರಳಿಗೆ ಬಯಕೆ ಊಟ. ಮಂಗಳವಾರ ಅದರ ಪಕ್ಕದ ಮನೆಯಲ್ಲಿ. ಎಲ್ಲ ಮನೆಗಳ ಸರದಿ ಗೊತ್ತಾಗಿದೆ. ಹೆರಿಗೆಯ ದಿನದವರೆಗೂ ಈ ಬೀದಿ ಎಲೆಯ ಮುಂದೆ ಕೂತೇ ಇರುತ್ತದೆ. ವೈದ್ಯರು ಬಂದರೆ ಮಣೆ ಹಾಕುತ್ತೇವೆ, ಅವರು ಹೇಳಿದ್ದನ್ನು ಕೇಳುತ್ತೇವೆ, ಔಷಧಿ ಬೇಕಾದರೆ ತೆಗೆದುಕೊಳ್ಳುತ್ತೇವೆ. ಹುಡುಗಿಯನ್ನು ಮಾತ್ರ ಕೊಡುವುದಿಲ್ಲ.

ಕಾಪುಮನೆ ಏಕೆ ಬಂತು ಎಂದು ಕೇಳಿದರೆ ತೂಕದ ಮನೆಯವರದು ಒಂದೇ ಉತ್ತರ. ನಿಮ್ಮ ಹೆಂಗಸರು ಸಕ್ಕರೆ ಕಾಯಿಲೆಯನ್ನು ತಲೆಮಾರುಗಟ್ಟಲೆ ಮುಚ್ಚಿಟ್ಟರು, ಬಿಟ್ಟರೆ ಇನ್ನೂ ಮುಚ್ಚಿಡುತ್ತಾರೆ ಎನ್ನುತ್ತಾರೆ. ಅಜ್ಜಿ, ಈ ಮಾತು ಮಾತ್ರ ಸುಳ್ಳಲ್ಲ. ಗುರುವಾರ ನೀವು ಎಲೆಗೆ ಕೈ ಅಡ್ಡ ಹಿಡಿಯುತ್ತೀರಿ. “ಎರಡು ಜೀವ ಕಣೇ, ತಿನ್ನು,” ಎಂದು ನಿಮ್ಮ ಸೋದರತ್ತೆ ಕೈ ಸರಿಸಿ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಾರೆ. ತಾಯಿಗೆ ಅವಮಾನವಾದೀತೆಂದು ನೀವು ಎಲ್ಲವನ್ನೂ ತಿನ್ನುತ್ತೀರಿ. ಹೆರಿಗೆ ಸುಸೂತ್ರವಾಗುತ್ತದೆ, ಹೆಣ್ಣುಮಗು. ಒಂದೂವರೆ ತಿಂಗಳು ಕಳೆದ ಮೇಲೆ ಬಂದು ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳುತ್ತಾರೆ. ಹಸಿ ಬಾಣಂತಿ ಹೊಸಲು ದಾಟಬಾರದೆಂದು ಮನೆಯವರು ಅನ್ನುತ್ತಾರೆ, ನೀವೂ ಸುಮ್ಮನಾಗುತ್ತೀರಿ. ಕಾಯಿಲೆ ಬಂದು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಆ ಮಗಳ ಧಾರೆಯ ದಿನ ಅವಳ ಮುಖವನ್ನು ನೀವು ಕೈಯಿಂದ ಸವರಿ ನೋಡುತ್ತೀರಿ, ಅಷ್ಟು ಹೊತ್ತಿಗೆ ನಿಮ್ಮ ಕಣ್ಣು ಹೋಗಿರುತ್ತದೆ. ನೀವೇ ಮುಪ್ಪಿನಲ್ಲಿ ಮೊಮ್ಮಗಳಿಗೆ ಹೇಳಿದ ಕಥೆ ಇದು; ಬಾಯಿಂದ ಬಾಯಿಗೆ ನನ್ನವರೆಗೂ ಬಂದಿದೆ.

ನಿಮ್ಮನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಬಸುರಿನಲ್ಲಿ ಸಕ್ಕರೆ ಏರುವುದು ನಿಮ್ಮ ನಾಲಗೆಯ ಪಾಪವಲ್ಲ. ಮಗುವಿಗೆ ಆಹಾರ ಒಯ್ಯುವ ಮಾಸಿನಿಂದ ಬರುವ ರಸಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಕೆಲವರ ಮೈ ಅದನ್ನು ಸರಿದೂಗಿಸುತ್ತದೆ, ಕೆಲವರದು ಆಗುವುದಿಲ್ಲ. ಇದರಲ್ಲಿ ನಾಚಿಕೆಗೆ ಏನಿದೆ? ನಾಚಿಕೆಪಡಿಸುವವರು ನಾಚಿಕೊಳ್ಳಲಿ. ಡಾಕ್ಟರು ಹೇಳಿದ ಹಾಗೆ ನಡೆದುಕೊಳ್ಳಿ, ಸೂಜಿ ಬೇಕೆಂದರೆ ಹಾಕಿಸಿಕೊಳ್ಳಿ. ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಂಡಾದರೂ ಸರಿ, ಹೊಸಲು ದಾಟಿ ಹೋಗಿ ಆ ಪರೀಕ್ಷೆ ಮಾಡಿಸಿಕೊಳ್ಳಿ. ಆಮೇಲೂ ಆಗಾಗ ಮಾಡಿಸುತ್ತಿರಿ. ನಿಮ್ಮ ಮಗಳಿಗೂ ವಿಷಯ ಹೇಳಿ ಬೆಳೆಸಿ.

ಗುರುವಾರ ಸೋದರತ್ತೆ ಹೋಳಿಗೆ ಹಿಡಿದು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ. ಅವರು ಸರಿಸಿದರೆ ಮತ್ತೆ ಹಿಡಿಯಿರಿ. ಪಂಕ್ತಿಗೆಲ್ಲ ಕೇಳುವ ಹಾಗೆ, “ನಂಗೆ ಶುಗರ್ ಬಂದಿದೆ ಅತ್ತೆ, ಸಾಕು,” ಎನ್ನಿ. ಎಲ್ಲರೂ ನಿಮ್ಮತ್ತ ತಿರುಗುತ್ತಾರೆ. ಹೆದರಬೇಡಿ. ಅಲ್ಲಿ ಪಕ್ಕದ ಎಲೆಯಲ್ಲೂ ಇದನ್ನೇ ಮುಚ್ಚಿಟ್ಟುಕೊಂಡು ಕೂತವಳು ಒಬ್ಬಳಿರುತ್ತಾಳೆ, ನಿಮ್ಮನ್ನು ನೋಡಿ ಅವಳೂ ಕೈ ಅಡ್ಡ ಹಿಡಿಯುತ್ತಾಳೆ. ನೀವು ಹಾಗೆ ಮಾಡಿದರೆ ಈ ಕಾಪುಮನೆ ಮುಂದೆ ಏಳುತ್ತದೋ ಇಲ್ಲವೋ, ನಾನು ಹೇಳಲಾರೆ. ಎದ್ದರೂ ಸೋಮವಾರ ನಾವು ಇಲ್ಲಿ ನೋಡಿಕೊಳ್ಳುತ್ತೇವೆ. ನೀವು ನಿಮ್ಮ ಮಗಳ ಧಾರೆಯ ದಿನ ಅವಳ ಮುಖ ನೋಡಬೇಕು.

ನಿಮ್ಮ ಪಾದಕ್ಕೆ ನಮಸ್ಕರಿಸಿ, ನಿಮ್ಮ ತಲೆಯ ಮೇಲೆ ಕೈಯಿಟ್ಟು,
ಹೊನ್ನಾಂಬೆ